ಕುತ್ತಿಗೆ ನಿಲ್ಲಬೇಕೋ, ಕೂಗು ನಿಲ್ಲಬೇಕೋ: ಟಿಕ್ಸ್‌ಗೆ ಮೆದುಳಿನ ಆಪರೇಷನ್ ಕೇಳಿಕೊಂಡು ಬಂದ ಕುಟುಂಬ

(ಗುರುತು ಸಿಗದ ಹಾಗೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 26 ವರ್ಷ, ಮೊಬೈಲ್ ರಿಪೇರಿ ಕೆಲಸ. ಏಳನೇ ವಯಸ್ಸಲ್ಲಿ ಕಣ್ಣು ಪಿಳುಕಿಸುವುದರಿಂದ ಶುರುವಾಗಿ, ಆಮೇಲೆ ಭುಜ, ಗಂಟಲಲ್ಲಿ ಸದ್ದು, ಹೈಸ್ಕೂಲ್ ಹೊತ್ತಿಗೆ ಕುತ್ತಿಗೆ. ಹೀಗೆ ಬೇಡವೆಂದರೂ ಚಟ್ಟನೆ ಮತ್ತೆ ಮತ್ತೆ ಬರುವ ಚಲನೆ, ಸದ್ದುಗಳಿಗೆ ಟಿಕ್ಸ್ ಅಂತಾರೆ. ಇವೆರಡೂ ವರ್ಷಗಟ್ಟಲೆ ಉಳಿಯುವ ಟುರೆಟ್ ಸಿಂಡ್ರೋಮ್ ಇದು ಅಂತ ಗೊತ್ತಾಗುವಷ್ಟರಲ್ಲಿ ದೃಷ್ಟಿ ತೆಗೆದದ್ದು, ತಾಯತ, ಮೇಷ್ಟ್ರ ಏಟು ಎಲ್ಲವೂ ಆಗಿತ್ತು. ಬಹಳಷ್ಟು ಮಕ್ಕಳಲ್ಲಿ ಟಿಕ್ಸ್ 10-12ನೇ ವಯಸ್ಸಲ್ಲಿ ಜೋರಾಗಿದ್ದು, ಹದಿಹರೆಯ ದಾಟುವಾಗ ತಗ್ಗುತ್ತವೆ. ಇವನಿಗೆ ತಗ್ಗಲಿಲ್ಲ.

ನನ್ನ ಮುಂದೆ ಕೂತಾಗಲೂ ಎಡಗೈಯನ್ನು ಗದ್ದಕ್ಕೆ ಒತ್ತಿ ಹಿಡಿದೇ ಇದ್ದ. ಆದರೂ ತಲೆ ಚಟ್ಟನೆ ಬಲಕ್ಕೆ ಎಳೆಯುತ್ತಿತ್ತು, ಜೊತೆಗೆ "ಹೇಯ್" ಅಂತ ಒಂದು ಕೂಗು. "ಸೋಲ್ಡರಿಂಗ್ ಮಾಡ್ತಿರುವಾಗ ಬಂದ್ರೆ ಬೋರ್ಡೂ ಹೋಯ್ತು, ಬೆರಳೂ ಸುಡ್ತು ಮೇಡಂ" ಅಂದ.

ಅಕ್ಕ ಫೋನಲ್ಲಿ ಒಂದು ವಿಡಿಯೊ ತೋರಿಸಿದಳು. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್ ಮಾಡಿಸಿಕೊಂಡವರದ್ದು. ಸ್ವಿಚ್ ಹಾಕುತ್ತಿದ್ದಂತೆ ಕೈ ನಡುಕ ನಿಂತೇ ಹೋಗುತ್ತೆ. ಅಮ್ಮನಿಗೆ ಮುಂದಿನ ವರ್ಷದೊಳಗೆ ಮದುವೆ ಮಾಡುವ ಆಸೆ, ಅಷ್ಟರಲ್ಲಿ ಆಪರೇಷನ್ ಆಗಿಬಿಡಲಿ ಅಂತ. ಅಪ್ಪ ಮಾತ್ರ "ತಲೆಗೆ ತೂತು ಹಾಕ್ಸೋದು ಬೇಡವೇ ಬೇಡ" ಅಂತ ಕೂತಿದ್ದರು. ಹುಡುಗನಿಗೆ ಏನು ಬೇಕು ಅಂತ ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ.

ವಿಡಿಯೊದಲ್ಲಿದ್ದದ್ದು ಪಾರ್ಕಿನ್ಸನ್ ರೋಗಿ. ಇದನ್ನು ಮೊದಲು ಹೇಳಿದೆ. ಆ ನಡುಕ ಕೆಲವೊಮ್ಮೆ ಕ್ಷಣದಲ್ಲಿ ನಿಲ್ಲುತ್ತೆ, ಟಿಕ್ಸ್ ಸಾಮಾನ್ಯವಾಗಿ ಹಾಗೆ ನಿಲ್ಲಲ್ಲ. ಡಿಬಿಎಸ್‌ನಲ್ಲಿ ಮೆದುಳಿನ ಆಳಕ್ಕೆ, ಥಲಾಮಸ್ ಅಥವಾ ಗ್ಲೋಬಸ್ ಪ್ಯಾಲಿಡಸ್ ಅನ್ನುವ ಭಾಗಕ್ಕೆ, ಎರಡು ಸಣ್ಣ ತಂತಿ ಇಳಿಸುತ್ತಾರೆ. ಎದೆಯ ಚರ್ಮದ ಕೆಳಗೆ ಬ್ಯಾಟರಿ ಇರುತ್ತೆ. ಆಮೇಲೆ ಕರೆಂಟ್ ಎಷ್ಟು ಬೇಕು ಅಂತ ಹೊಂದಿಸುತ್ತಾ ಹೋಗುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತೆ, ಅದಕ್ಕಾಗಿ ಮತ್ತೆ ಮತ್ತೆ ಆಸ್ಪತ್ರೆಗೆ ಓಡಾಡಬೇಕು.

ಟುರೆಟ್‌ಗೆ ಇದನ್ನು ಮಾಡಿದ ಮೊದಲ ವರದಿ ಬಂದದ್ದು 1999ರಲ್ಲಿ, ನೆದರ್‌ಲ್ಯಾಂಡ್ಸ್‌ನಿಂದ. 2018ರಲ್ಲಿ 10 ದೇಶಗಳ 185 ರೋಗಿಗಳ ದಾಖಲೆ ಒಟ್ಟಿಗೆ ಪ್ರಕಟವಾಯಿತು. ಒಂದು ವರ್ಷದ ಹೊತ್ತಿಗೆ ಟಿಕ್ಸ್ ತೀವ್ರತೆ ಸರಾಸರಿ ಶೇ 45ರಷ್ಟು ಇಳಿದಿತ್ತು. ಅದೇ ದಾಖಲೆಯಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಏನಾದರೊಂದು ಅಡ್ಡಪರಿಣಾಮ ಆಗಿತ್ತು: ಮಾತು ತೊದಲುವುದು, ಮೈ ಜುಮ್ಮೆನ್ನುವುದು, ಶೇ 3ರಷ್ಟು ಜನರಿಗೆ ಸೋಂಕು, ಶೇ 1.3 ಜನರಿಗೆ ತಲೆಯೊಳಗೆ ರಕ್ತಸ್ರಾವ. ಇನ್ನು 2017ರಲ್ಲಿ ಫ್ರಾನ್ಸ್‌ನವರು 16 ಜನರಲ್ಲಿ, ಕರೆಂಟ್ ಆನ್ ಇದೆಯೋ ಆಫ್ ಇದೆಯೋ ಗೊತ್ತಾಗದ ಹಾಗೆ ಮೂರು ತಿಂಗಳು ಪರೀಕ್ಷಿಸಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಎಲ್ಲರಿಗೂ ಆನ್ ಮಾಡಿದ ತಿಂಗಳುಗಳಲ್ಲಿ ಟಿಕ್ಸ್ ಇಳಿದವು. ಅಂದರೆ ಭರವಸೆ ಇದೆ, ಆದರೆ "ಪೂರ್ತಿ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಪ್ಪನ ಭಯಕ್ಕೂ ಉತ್ತರ ಕೊಡಬೇಕಿತ್ತು. ಇದು ಮೆದುಳಿನ ಭಾಗ ಕತ್ತರಿಸಿ ತೆಗೆಯುವ ಆಪರೇಷನ್ ಅಲ್ಲ, ಬೇಡ ಅನಿಸಿದರೆ ಆಫ್ ಮಾಡಬಹುದು ಅಂದೆ. ಸ್ವಲ್ಪ ಹಗುರಾದರು.

ಆಮೇಲೆ ಮನೆಯವರನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಾಡಿದೆ. "ಯಾವುದು ಕಮ್ಮಿಯಾದ್ರೆ ನಿಮ್ಮ ದಿನ ಬದಲಾಗುತ್ತೆ?" ಅಂತ ಕೇಳಿದೆ. "ಕುತ್ತಿಗೆ ಮೇಡಂ. ಕೂಗೋದು ಬಿಡಿ, ಅಂಗಡಿಯಲ್ಲಿ ಎಲ್ರಿಗೂ ಗೊತ್ತು." ಮನೆಯವರಿಗೆ ನಿಲ್ಲಬೇಕಾಗಿದ್ದದ್ದು ಕೂಗು, ಅವನಿಗೆ ನಿಲ್ಲಬೇಕಾಗಿದ್ದದ್ದು ಕುತ್ತಿಗೆ. ಇದು ಸಣ್ಣ ವಿಷಯ ಅಲ್ಲ. ಕುತ್ತಿಗೆಗೆ ಆರಾಮಾಗಿ ಕೂಗು ಉಳಿದರೆ ಅವನಿಗದು ಗೆಲುವು, ಮನೆಯವರಿಗೆ ಮಾತ್ರ ದುಡ್ಡು ದಂಡ ಅನಿಸಬಹುದು.

ಮಾತಿನ ಮಧ್ಯೆ, ಎಡಗೈ ಬೆರಳು ಜೋಮು ಹಿಡಿಯುತ್ತೆ ಅಂದ. ಇದನ್ನು ಕೇಳಿ ನನಗೆ ನಿಜಕ್ಕೂ ಗಾಬರಿಯಾಯಿತು. ಜೋರಾದ ಕುತ್ತಿಗೆ ಟಿಕ್ಸ್ ವರ್ಷಾನುಗಟ್ಟಲೆ ಇದ್ದರೆ ಬೆನ್ನುಹುರಿಗೇ ಪೆಟ್ಟಾಗಬಹುದು. ತಡ ಮಾಡದೆ ನರರೋಗ ತಜ್ಞರ ಹತ್ತಿರ ಕಳಿಸಿದೆ. ಎಂಆರ್‌ಐನಲ್ಲಿ ಡಿಸ್ಕ್ ಸವೆದಿತ್ತು, ಬೆನ್ನುಹುರಿಗೆ ಇನ್ನೂ ಏನೂ ಆಗಿರಲಿಲ್ಲ. ಡಿಬಿಎಸ್ ಬಗ್ಗೆ ಗಂಭೀರವಾಗಿ ಯೋಚಿಸೋಕೆ ಇದು ಸರಿಯಾದ ಕಾರಣ, ಮದುವೆ ಅಲ್ಲ.

"ಎಲ್ಲ ಮುಗಿಸಿಬಿಡೋಣ ಅನ್ಸುತ್ತಾ?" ಅಂತಲೂ ನೇರವಾಗಿ ಕೇಳಿದೆ. ತಲೆ ತಗ್ಗಿಸಿ, "ರಾತ್ರಿ ಹೊತ್ತು, ಒಂದೊಂದ್ಸಲ" ಅಂದ. ಹಾಗಾಗಿ ಮನೋವೈದ್ಯರ ಚಿಕಿತ್ಸೆ ಮೊದಲು ಶುರುವಾಗಲಿ ಅಂದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಅವನ ಫೋನಲ್ಲಿ ಸೇವ್ ಮಾಡಿಸಿದೆ. ಖಿನ್ನತೆಯನ್ನು ಹಾಗೇ ಬಿಟ್ಟು ಈ ಆಪರೇಷನ್‌ಗೆ ಹೋಗಬಾರದು.

ಇನ್ನೊಂದು ವಿಷಯ. ಟಿಕ್ಸ್ ತಗ್ಗಿಸೋಕೆ ಕೊಡುವ ಹ್ಯಾಲೋಪೆರಿಡಾಲ್ ಅನ್ನುವ ಔಷಧ ತಗೊಂಡಾಗ ನಿದ್ದೆ ಜಾಸ್ತಿ ಅಂತ ಕೆಲವೇ ವಾರದಲ್ಲಿ ತಾನೇ ಬಿಟ್ಟಿದ್ದ. ಬೇರೆ ಔಷಧ ನೋಡಿರಲೇ ಇಲ್ಲ. ಡಿಬಿಎಸ್ ತಂಡದವರು ಬೇರೆ ಬೇರೆ ಗುಂಪಿನ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟು ನೋಡಿದ್ದೀರಾ ಅಂತ ಕೇಳೇ ಕೇಳುತ್ತಾರೆ. ಸಿಬಿಐಟಿ ಅನ್ನುವ ವರ್ತನಾ ಚಿಕಿತ್ಸೆಯೂ ಆಗಿರಲಿಲ್ಲ. ಟಿಕ್ ಬರುವ ಮೊದಲು ಒಳಗಿಂದ ಒಂದು ಒತ್ತಡ ಬರುತ್ತಲ್ಲ, ಅದನ್ನು ಗುರುತಿಸಿ, ಗದ್ದವನ್ನು ಸ್ವಲ್ಪ ಒಳಗೆಳೆದು ಕುತ್ತಿಗೆಯನ್ನು ಮೆತ್ತಗೆ ಬಿಗಿಹಿಡಿದು, ಒತ್ತಡ ಇಳಿಯುವ ತನಕ ಹಾಗೇ ಇರೋದನ್ನು ಕಲಿಸುತ್ತಾರೆ. ಸುಮ್ನೆ "ತಡ್ಕೋ" ಅನ್ನೋದಲ್ಲ ಇದು. ಮನೆಯಲ್ಲಿ ಆ ಮಾತನ್ನೇ ಬಿಡಿ ಅಂತ ಅಮ್ಮನಿಗೆ ಹೇಳಿದೆ, ಒತ್ತಡ ಜಾಸ್ತಿಯಾದಷ್ಟು ಟಿಕ್ಸೂ ಜಾಸ್ತಿ.

ಈಗ ಕುತ್ತಿಗೆಯ ಸ್ನಾಯುಗಳಿಗೆ, ಅವುಗಳ ಬಿಗಿತ ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೊಟ್ಟಿದ್ದಾರೆ, ಎಳೆತದ ಜೋರು ಕಡಿಮೆಯಾಗಿದೆ. ಅದು ಕೆಲವು ತಿಂಗಳಷ್ಟೇ ಇರುತ್ತೆ. ಹೊಸ ಮಾತ್ರೆ, ಸಿಬಿಐಟಿ ಎರಡೂ ನಡೆಯುತ್ತಿವೆ. ಡಿಬಿಎಸ್ ಬಾಗಿಲು ಮುಚ್ಚಿಲ್ಲ, ಇವುಗಳಿಂದ ಸಾಲದಿದ್ದರೆ ಅವನೇ ತೀರ್ಮಾನ ಮಾಡುತ್ತಾನೆ, ಅಪ್ಪ ಜೊತೆಗೆ ಹೋಗುತ್ತೇನೆ ಅಂದಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಮಾತು ನಡೆಯುತ್ತಿದ್ದರೆ, ತಗೊಂಡ ಔಷಧಗಳ ಹೆಸರು, ಪ್ರಮಾಣ, ಎಷ್ಟು ದಿನ ಅನ್ನೋದನ್ನು ಬರೆದುಕೊಂಡು ಹೋಗಿ. ರೋಗಿ ಒಬ್ಬರೇ ಇರುವಾಗಿನ ವಿಡಿಯೊವನ್ನು ಅವರ ಒಪ್ಪಿಗೆ ಪಡೆದು ಮಾಡಿಟ್ಟುಕೊಳ್ಳಿ, ಯಾಕಂದ್ರೆ ಡಾಕ್ಟರ್ ಮುಂದೆ ಟಿಕ್ಸ್ ಎಷ್ಟೋ ಸಲ ಅಡಗಿಬಿಡುತ್ತವೆ. ಪಾರ್ಕಿನ್ಸನ್ ಬಿಟ್ಟು ಟಿಕ್ಸ್‌ಗೇ ಎಷ್ಟು ಜನರಿಗೆ ಮಾಡಿದ್ದೀರಿ, ಆಮೇಲೆ ಕರೆಂಟ್ ಹೊಂದಿಸೋರು ಯಾರು, ಬ್ಯಾಟರಿ ಎಷ್ಟು ವರ್ಷ ಬರುತ್ತೆ, ಬದಲಿಸೋಕೆ ಎಷ್ಟಾಗುತ್ತೆ, ಮುಂದೆ ಎಂಆರ್‌ಐ ಮಾಡಿಸಬಹುದಾ, ಇಷ್ಟನ್ನೂ ಸಹಿ ಹಾಕುವ ಮೊದಲೇ ಕೇಳಿ.