ಮಾರುತಿ 800: ಹೆಡ್ ಬಿಚ್ಚುವ ಮುಂಚೆ ಇಷ್ಟು ನೋಡಿ

ತಿಪಟೂರಿನ ಗೆಳೆಯರೇ, ನಿಮ್ಮ 2003ರ ಮಾರುತಿ 800 ಪದೇ ಪದೇ ಬಿಸಿಯಾಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲ್) ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ, ಸರಿಯಾದ ಪಾರ್ಟ್ ಮತ್ತು ರಿಪೇರಿ ಮಾಹಿತಿ ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಚಿಂತೆ ಬೇಡ. 2014ರವರೆಗೂ ತಯಾರಾದ ಕಾರು ಇದು, ಎಂಜಿನ್ ಸಾಮಾನು ಸಿಗುತ್ತದೆ.

ಮೊದಲು ಆರ್‌ಸಿ ತೆಗೆದು ಎಂಜಿನ್ ನಂಬರ್ ನೋಡಿ. ಎಫ್8ಬಿ ಅಂತ ಶುರುವಾದರೆ ಆರು ವಾಲ್ವ್ (ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಕವಾಟ). ಎಫ್8ಡಿ ಅಂತಿದ್ದರೆ ಹನ್ನೆರಡು ವಾಲ್ವ್, ಆಲ್ಟೋಗೂ ಬಂದಿದ್ದು ಅದೇ. ಎರಡೂ 796 ಸಿಸಿ, ಮೂರು ಸಿಲಿಂಡರ್, ಆದರೆ ಹೆಡ್ ಬೇರೆ. ಸುಮ್ನೆ "800ರ ಗ್ಯಾಸ್ಕೆಟ್ ಕೊಡಿ" ಅಂದರೆ ತಪ್ಪು ಸಾಮಾನು ಬರುವುದು ಇಲ್ಲೇ. ಮಾರುತಿ ಬಿಡಿಭಾಗದ ಅಂಗಡಿಯಲ್ಲಿ ಚಾಸಿಸ್ ನಂಬರ್ ಕೊಟ್ಟು ಕ್ಯಾಟಲಾಗ್‌ನಿಂದ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಆಮೇಲೆ ವಾಹನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರೋಡಿಗೆ ಹೋದರೂ ಆ ನಂಬರ್ ಹೇಳಿಯೇ ಕೇಳಿ.

ಮಾಹಿತಿಗೆ ಕಾರಿನ ಜೊತೆ ಬಂದ ಚಿಕ್ಕ ಪುಸ್ತಕ ಸಾಲದು, ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್ ಬೇಕು. ಹೆಡ್ ಬೋಲ್ಟ್ ಎಷ್ಟು ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿಯಬೇಕು, ಯಾವ ಕ್ರಮದಲ್ಲಿ, ಟೈಮಿಂಗ್ ಬೆಲ್ಟ್ (ಎಂಜಿನ್ ತಿರುಗುವುದಕ್ಕೆ ಸರಿಯಾಗಿ ವಾಲ್ವ್ ನಡೆಸುವ ಬೆಲ್ಟ್) ಹೊಂದಿಸುವ ಗುರುತು ಎಲ್ಲಿ, ವಾಲ್ವ್ ಗ್ಯಾಪ್ ಎಷ್ಟು, ಎಲ್ಲ ಅದರಲ್ಲಿದೆ. ಟಾರ್ಕ್ ಲೆಕ್ಕವನ್ನು ಯಾರೋ ಬಾಯಲ್ಲಿ ಹೇಳಿದ್ದು ಕೇಳಿ ಬಿಗಿಸಬೇಡಿ.

ಆದರೆ ಬಿಚ್ಚುವ ಮುಂಚೆ, ಬಿಸಿ ಯಾಕಾಗ್ತಿದೆ ಅಂತ ನೋಡಿದ್ದೀರಾ? ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಸಿಕ್ಕಿಕೊಂಡಿರಬಹುದು, ರೇಡಿಯೇಟರ್ ಫ್ಯಾನ್ ತಿರುಗದೇ ಇರಬಹುದು, ರೇಡಿಯೇಟರ್ ಮುಚ್ಚಳದ ರಬ್ಬರ್ ಸತ್ತಿರಬಹುದು. ಈ ಕಾರಣ ಉಳಿಸಿಕೊಂಡು ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಸುಡುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ ನೀರು ನೋಡಿ. ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ, ಆಯಿಲ್ ಕಂದು ಬಣ್ಣ ಬಿಟ್ಟು ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಮೆಕ್ಯಾನಿಕ್ ಹೇಳಿದ್ದು ಸರಿ ಇರಬಹುದು. ಗಾಡಿ ಬಿಸಿಯಿರುವಾಗ ಮಾತ್ರ ಆ ಮುಚ್ಚಳ ಮುಟ್ಟಲೇಬೇಡಿ.

ಹೆಡ್ ಬಿಚ್ಚಿದ ಮೇಲೆ ಅದು ಸೊಟ್ಟಗಾಗಿದೆಯೇ ಅಂತ ನೋಡಲೇಬೇಕು. ಬಹಳ ಕಡೆ ಈ ಕೆಲಸ ಹಾರಿಸಿಬಿಡ್ತಾರೆ. ನೇರವಾದ ಸ್ಟೀಲ್ ಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಕೋನದಿಂದ ಕೋನಕ್ಕೂ ಇಟ್ಟು ಸಂದಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿ. ಮ್ಯಾನುಯಲ್ ಹೇಳಿದ ಮಿತಿಗಿಂತ ಜಾಸ್ತಿ ದಪ್ಪದ ಗೇಜ್ ನುಗ್ಗಿದರೆ ಲೇತ್ ಅಂಗಡಿಗೆ ಕೊಟ್ಟು ಫೇಸಿಂಗ್ (ಮೇಲ್ಮೈ ಸಮ ಮಾಡುವ ಕೆಲಸ) ಮಾಡಿಸಿ. ಹೆಡ್ ಅಲ್ಯೂಮಿನಿಯಂ, ಹಳೆ ಗ್ಯಾಸ್ಕೆಟ್ ತೆಗೆಯಲು ಸ್ಕ್ರೂಡ್ರೈವರ್‌ನಿಂದ ಕೆರೆದರೆ ಗೀರು ಬಿದ್ದು ಅಲ್ಲೇ ಲೀಕ್ ಆಗುತ್ತದೆ. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ನೀರು, ಆಯಿಲ್ ಉಳಿಯದಂತೆ ಒರೆಸಿ, ಗಾಳಿ ಹೊಡೆಸಿ. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚ್‌ನಲ್ಲೇ (ಬಿಗಿಯುವ ಬಲ ಅಳೆಯುವ ಪಾನಾ).

ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಿರುತ್ತದೆ, ಹಳೆಯದಾಗಿದ್ದರೆ ಈಗಲೇ ಹೊಸದು ಹಾಕಿಸಿ, ಮಜೂರಿ ಉಳಿಯುತ್ತದೆ. ಆಯಿಲ್, ಫಿಲ್ಟರ್ ಹೇಗೂ ಬದಲಿಸಬೇಕು. ರೇಡಿಯೇಟರಿಗೆ ಬೋರ್ ನೀರು ಬೇಡ, ಉಪ್ಪು ಕಟ್ಟುತ್ತದೆ. ಕೂಲೆಂಟ್ ಹಾಕಿ.

ಎಂಜಿನ್ ನಂಬರಿನ ಮೊದಲ ಮೂರು ಅಕ್ಷರ ಮತ್ತು ಆಯಿಲ್ ಹಾಕುವ ಮುಚ್ಚಳದ ಒಳಗಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೇನೆ.