ಯೇನಾಕ್ಕೆ ಬರುವ ಮುಂಚೆ: ನಿನ್ನ ಡೇಟಾ ಬಗ್ಗೆ ಒಂದಿಷ್ಟು ಮಾತು

ತಂಗಿ,

ಪಿಎಚ್.ಡಿ.ಗೆ ಆಯ್ಕೆಯಾದ ಸುದ್ದಿ ಓದಿ ತುಂಬಾ ಖುಷಿಯಾಯಿತು. ನೀನು ಎರಡು ವಿಷಯ ಕೇಳಿದ್ದೀಯ. ಜರ್ಮನಿಯಲ್ಲಿ, ಅದೂ ಯೇನಾದಂಥ ಸಣ್ಣ ಊರಿನಲ್ಲಿ ಬದುಕು ಹೇಗಿರುತ್ತದೆ? ಅಲ್ಲಿ ಎಲ್ಲರೂ ಡೇಟಾ ತೆರೆದಿಡಬೇಕು ಅನ್ನುತ್ತಾರಂತೆ, ನಾನು ಕಷ್ಟಪಟ್ಟು ಕಲೆಹಾಕಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ಪೇಪರ್ ಬರೆದರೆ ಏನು ಗತಿ?

ಬದುಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇಲ್ಲಿ ಪಿಎಚ್.ಡಿ. ಅಂದರೆ ಹೆಚ್ಚಾಗಿ ನೌಕರಿ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ 65 ಶೇಕಡಾ ಹುದ್ದೆ ಕೊಡುತ್ತಾರೆ. ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ ಅದು 26 ಗಂಟೆ. ಕೆಲಸ ಮಾತ್ರ ಪೂರ್ತಿ ಇರುತ್ತದೆ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದು ಕೈಗೆ ಬರುವ ಹಣದಲ್ಲಿ ಒಬ್ಬರು ನೆಮ್ಮದಿಯಾಗಿ ಇರಬಹುದು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊ. ಮನೆ ಹುಡುಕುವುದು ಎಲ್ಲಕ್ಕಿಂತ ಕಷ್ಟ. ವಿದ್ಯಾರ್ಥಿ ವಸತಿಗೆ ಈಗಲೇ ಅರ್ಜಿ ಹಾಕು, ವೀಸಾ ಬರಲಿ ಅಂತ ಕಾಯಬೇಡ.

ಇನ್ನು ಡೇಟಾ. ನಿನ್ನ ಭಯ ಸುಳ್ಳಲ್ಲ. ಮಳೆಗಾಲದ ರಾತ್ರಿಗಳಲ್ಲಿ ಉಂಬಳ ಕಚ್ಚಿಸಿಕೊಂಡು ಕಪ್ಪೆ ಕೂಗು ರೆಕಾರ್ಡ್ ಮಾಡಿದವಳು ನೀನು. ಆದರೆ ತೆರೆದಿಡುವುದು ಅಂದರೆ ಫೀಲ್ಡಿನಿಂದ ಬಂದ ದಿನವೇ ಎಲ್ಲವನ್ನೂ ಹೊರಗೆ ಹಾಕುವುದಲ್ಲ. ಸಾಮಾನ್ಯವಾಗಿ ಪೇಪರ್ ಹೊರಬರುವಾಗ ಅದರ ಹಿಂದಿನ ಡೇಟಾ, ಲೆಕ್ಕ ಮಾಡಿದ ಕೋಡ್ ಎರಡನ್ನೂ ಜೊತೆಗೆ ಇಡುತ್ತಾರೆ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ ಝೆನೋಡೊ ಅಂತ ಒಂದು ಉಚಿತ ಭಂಡಾರ ಇದೆ. ಅಲ್ಲಿ ಡೇಟಾ ಇಟ್ಟು, ಇಂಥ ತಾರೀಖಿನ ತನಕ ಯಾರಿಗೂ ಕಾಣಬಾರದು ಅಂತ ಬೀಗ ಹಾಕಬಹುದು. ಡಿಒಐ, ಅಂದರೆ ಆ ಡೇಟಾವನ್ನು ಗುರುತಿಸುವ ಶಾಶ್ವತ ಸಂಖ್ಯೆ, ನಿನ್ನ ಹೆಸರಲ್ಲೇ ಸಿಗುತ್ತದೆ. ಇದನ್ನು ಕಲೆಹಾಕಿದವಳು ನೀನೇ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಗೈಡ್‌ನ ಕಂಪ್ಯೂಟರಿನಲ್ಲಿ ಬಿದ್ದಿರುವ ಡೇಟಾಕ್ಕೆ ಅಂಥ ಸಾಕ್ಷಿ ಇರುವುದಿಲ್ಲ. ಹಾಗಾಗಿಯೇ ಕಿರಿಯರಿಗೆ ತೆರೆದ ಡೇಟಾದಿಂದ ಲಾಭವೇ ಜಾಸ್ತಿ ಅಂತ ನಾನು ನಂಬಿದ್ದೇನೆ. ಬಂದ ಮೊದಲ ತಿಂಗಳೇ ಗೈಡ್ ಹತ್ತಿರ ಕೂತು ಕೇಳು: ಈ ಡೇಟಾ ಯಾವಾಗ ತೆರೆಯುತ್ತದೆ, ಅದಕ್ಕೂ ಮುಂಚೆ ಗುಂಪಿನಲ್ಲಿ ಯಾರು ಬಳಸಬಹುದು, ಪೇಪರಿನಲ್ಲಿ ಹೆಸರು ಹೇಗೆ ಬರುತ್ತದೆ. ಮಾತಾಡಿದ್ದನ್ನು ಅವತ್ತೇ ಇಮೇಲ್‌ನಲ್ಲಿ ಬರೆದು ಕಳಿಸು. ಇಲ್ಲಿ ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ.

ನೀನು ಬರುತ್ತಿರುವ ಊರಿಗೇ ಒಂದು ದೊಡ್ಡ ಹೆಸರಿದೆ. ಸಾಲೆ ನದಿಯ ದಂಡೆಯಲ್ಲಿ, ಮುಂಚೆ ಬೇಸಾಯ ಮಾಡುತ್ತಿದ್ದ ನೆಲದಲ್ಲಿ, 2002ರಲ್ಲಿ ಯೇನಾ ಎಕ್ಸ್‌ಪೆರಿಮೆಂಟ್ ಶುರುವಾಯಿತು. ಒಂದು ಮಡಿಯಲ್ಲಿ ಒಂದೇ ಜಾತಿಯ ಗಿಡ, ಇನ್ನೊಂದರಲ್ಲಿ ಎರಡು, ನಾಲ್ಕು, ಎಂಟು, ಹದಿನಾರು, ಕೆಲವು ಮಡಿಗಳಲ್ಲಿ 60 ಜಾತಿ. ಜಾತಿ ಹೆಚ್ಚಾದರೆ ಹುಲ್ಲುಗಾವಲು ಹೇಗೆ ಬದಲಾಗುತ್ತದೆ ಅನ್ನುವುದೇ ಪ್ರಶ್ನೆ. ವರ್ಷಕ್ಕೆರಡು ಸಲ ನೆಲದಿಂದ ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಜಾತಿವಾರು ಬೇರೆ ಮಾಡಿ, ಒಣಗಿಸಿ, ತೂಗುತ್ತಾರೆ. ಬಿತ್ತದೇ ಇದ್ದದ್ದು ಹುಟ್ಟಿದರೆ ಮೊಣಕಾಲೂರಿ ಕೂತು ಕಳೆ ಕೀಳಬೇಕು. 2010ರಲ್ಲಿ ಆರು ವರ್ಷದ ತೂಕಗಳನ್ನೆಲ್ಲ ಒಂದು ಡೇಟಾ ಪೇಪರಾಗಿ, ಅಂದರೆ ಡೇಟಾವನ್ನೇ ಮುಖ್ಯವಾಗಿಟ್ಟ ಲೇಖನವಾಗಿ, ಪ್ರಕಟಿಸಿದರು. 2013ರ ಜೂನ್‌ನಲ್ಲಿ ಸಾಲೆ ಉಕ್ಕಿ ಹೊಲಕ್ಕೆ ನೀರು ನುಗ್ಗಿತು. ಆಗ ಪ್ರವಾಹದ ಹಿಂದು ಮುಂದನ್ನು ಹೋಲಿಸಿ ನೋಡಲು ಆಗಿದ್ದು ಹಿಂದಿನ ವರ್ಷಗಳ ಲೆಕ್ಕ ಅಚ್ಚುಕಟ್ಟಾಗಿ ಇದ್ದದ್ದರಿಂದ. ಕಳೆ ಕಿತ್ತವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಬೇರೆ ಊರು ಸೇರಿದ್ದರು.

ಅಚ್ಚುಕಟ್ಟು ಅಂದೆ ಅಲ್ವಾ, ಅದು ಎಕ್ಸೆಲ್ ಶೀಟಿನ ಒಂದು ಖಾಲಿ ಚೌಕದಿಂದ ಶುರುವಾಗುತ್ತದೆ. ‘ಕಪ್ಪೆ, ಸಂಖ್ಯೆ’ ಅನ್ನುವ ಕಾಲಮ್‌ನಲ್ಲಿ ಒಂದು ಚೌಕ ಖಾಲಿ ಇದೆ ಅಂದುಕೊ. ಅವತ್ತು ಹೋಗಿ ನೋಡಿದಾಗ ಕಪ್ಪೆ ಇರಲಿಲ್ಲವಾ, ಅಥವಾ ಜೋರು ಮಳೆ ಬಂದು ಅವತ್ತು ಹೋಗಲೇ ಇಲ್ಲವಾ? ನೋಡಿ ಸಿಗದಿದ್ದರೆ ಸೊನ್ನೆ ಬರೆ. ನೋಡದೇ ಇದ್ದರೆ ‘ನೋಡಿಲ್ಲ’ ಅನ್ನುವುದಕ್ಕೆ ಒಂದು ಗುರುತು ಹಾಕು. ಈ ಎರಡು ಬೆರೆತರೆ ಹತ್ತು ವರ್ಷದ ನಂತರ ಯಾರೋ ‘ಕಪ್ಪೆ ಕಡಿಮೆಯಾಗಿದೆ’ ಅಂತ ಬರೆದುಬಿಡುತ್ತಾರೆ. ತಾರೀಖೂ ಅಷ್ಟೇ. 3/4 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ? ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲೇ ಬರೆ. ಯಾವ ಕಾಲಮ್ ಅಂದರೆ ಏನು ಅಂತ ಒಂದು ಪುಟದ ವಿವರಣೆ ಜೊತೆಗಿಡು. ಫೀಲ್ಡಿನಿಂದ ಬಂದ ಸಂಜೆಯೇ ಇದನ್ನು ಮಾಡು. ಥೀಸಿಸ್ ಬರೆಯುವಾಗ ಮಾಡುತ್ತೇನೆ ಅಂದರೆ ಆಗುವ ಕೆಲಸ ಅಲ್ಲ.

ಕಲೆಹಾಕಿದ್ದನ್ನು ಕಾಪಾಡುವುದು ಎಷ್ಟು ಮುಖ್ಯ ಅನ್ನುವುದಕ್ಕೆ ನಿನ್ನ ಕಪ್ಪೆಗಳ ಕಥೆಯೇ ಸಾಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣ ರಾವ್ 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು. ಸಕಲೇಶಪುರ ಕಡೆಯ ಕೆಂಪುಹೊಳೆಯ ಕಪ್ಪೆಗಳೂ ಅದರಲ್ಲಿದ್ದವು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ನೀನು ರೆಕಾರ್ಡ್ ಮಾಡಿದ ಪೊದೆಗಪ್ಪೆಗಳನ್ನು ಮೊದಲು ಫಿಲಾಟಸ್ ಅನ್ನುತ್ತಿದ್ದರು, 2010ರಿಂದ ರಾವೋರ್ಕೆಸ್ಟಿಸ್. ಆ ಹೆಸರಿನಲ್ಲಿರುವ ‘ರಾವ್’ ಇವರೇ. ಆದರೆ ಅವರು ಹೆಸರಿಟ್ಟ ಎಷ್ಟೋ ಕಪ್ಪೆಗಳ ಮೂಲ ಮಾದರಿಗಳು, ಅಂದರೆ ಹೆಸರಿಡುವಾಗ ಆಧಾರವಾಗಿ ತೆಗೆದಿಟ್ಟ ಕಪ್ಪೆಗಳು, ಕಳೆದುಹೋದವು. ಆಮೇಲೆ ಬಂದವರು ಇದು ರಾವ್ ಕಂಡ ಕಪ್ಪೆಯೇ ಹೌದಾ ಅಂತ ವಿವರಣೆಯ ಸಾಲುಗಳನ್ನು ಹಿಡಿದುಕೊಂಡು ಕಾಡು ಸುತ್ತಬೇಕಾಯಿತು. ಅಂಥ ಕೆಲಸಗಾರನ ಸಂಗ್ರಹಕ್ಕೇ ಹೀಗಾದರೆ ನಿನ್ನ ಹಾರ್ಡ್ ಡಿಸ್ಕ್ ಎಷ್ಟು ದಿನ ಉಳಿದೀತು ಹೇಳು.

ತೆರೆದ ಡೇಟಾದಿಂದ ತಪ್ಪುಗಳೂ ಬಯಲಾಗುತ್ತವೆ. 2020ರಲ್ಲಿ ಜೇಡಗಳ ನಡವಳಿಕೆ ಮೇಲಿನ ಕೆಲವು ಪೇಪರುಗಳನ್ನು ವಾಪಸ್ ಪಡೆದರು. ಡೇಟಾ ಎಲ್ಲರಿಗೂ ಸಿಗುವಂತೆ ಇದ್ದದ್ದರಿಂದ ಒಂದೇ ಸಂಖ್ಯೆಗಳು ಮತ್ತೆ ಮತ್ತೆ ಬಂದಿರುವುದು ಕಣ್ಣಿಗೆ ಬಿತ್ತು. ಸಹಲೇಖಕಿಯೊಬ್ಬರು ತಾವೇ ಮುಂದೆ ಬಂದು ತಮ್ಮ ಪೇಪರ್ ಹಿಂತೆಗೆಸಿದರು. ಅವರ ಬಗ್ಗೆ ನನಗೆ ತುಂಬಾ ಗೌರವ.

ಹಾಗಂತ ಎಲ್ಲವನ್ನೂ ತೆರೆಯಬಾರದು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. 1999ರಲ್ಲಿ ಚೀನಾದ ಒಂದು ಗೆಕ್ಕೊ ಹಲ್ಲಿಗೆ ಹೆಸರಿಟ್ಟು ಜಾಗವನ್ನೂ ಪ್ರಕಟಿಸಿದರು. ಸಾಕುವವರಿಗೆ ಮಾರಲು ಹಿಡಿದೂ ಹಿಡಿದೂ ಆ ಜಾಗದಲ್ಲಿ ಅದು ಸಿಗದಂತಾಯಿತು. ಅಪರೂಪದ ಕಪ್ಪೆ ಇರುವ ತೊರೆಯ ಜಿಪಿಎಸ್ ಅಂಕಿಯನ್ನು ಹಾಗೇ ಹಾಕಬೇಡ, ತಾಲೂಕಿನ ಮಟ್ಟಕ್ಕೆ ನಿಲ್ಲಿಸು. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐ-ನ್ಯಾಚುರಲಿಸ್ಟ್ ಜಾಲತಾಣ ಕೂಡ ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಮಸುಕು ಮಾಡಿಯೇ ತೋರಿಸುತ್ತದೆ.

ಕಾನೂನೂ ಇದೆ. 2002ರ ಜೈವಿಕ ವೈವಿಧ್ಯ ಕಾಯ್ದೆ ಪ್ರಕಾರ, ಆದಾಯ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದ ಭಾರತೀಯರೂ ಸಂಶೋಧನೆಗೆ ನಮ್ಮ ಜೀವಿಗಳ ಮಾದರಿ ಪಡೆಯುವ ಮುಂಚೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ನಮ್ಮ ಮಲೆನಾಡು ನಮ್ಮದೇ ಅಲ್ವಾ ಅಂದುಕೊಂಡು ಕಪ್ಪೆಯ ಒಂದು ಬೆರಳಿನ ತುಂಡನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡ.

ಪ್ರಕಟಣೆಯ ಖರ್ಚು ನಿನ್ನ ತಲೆನೋವಲ್ಲ. ಜರ್ಮನಿಯ ಸಂಸ್ಥೆಗಳು ದೊಡ್ಡ ಪ್ರಕಾಶಕರ ಜೊತೆ ಮಾಡಿಕೊಂಡ ಡೀಲ್ ಅನ್ನುವ ಒಪ್ಪಂದದ ಕೆಳಗೆ, ವೈಲಿ, ಸ್ಪ್ರಿಂಗರ್ ನೇಚರ್, ಎಲ್ಸೆವಿಯರ್‌ಗಳ ಬಹುಪಾಲು ಪತ್ರಿಕೆಗಳಲ್ಲಿ ಪ್ರಕಟಣೆಯ ಖರ್ಚನ್ನು ಇಲ್ಲಿನ ಸಂಸ್ಥೆಗಳೇ ಭರಿಸುತ್ತವೆ. ಜೇಬಿನಿಂದ ಕೊಡಬೇಡ. ನಮ್ಮ ದೇಶದಲ್ಲಿ 2025ರಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಬಂದಿದೆ, ಸರ್ಕಾರಿ ಸಂಸ್ಥೆಗಳಿಗೆ ಸಂಶೋಧನಾ ಪತ್ರಿಕೆಗಳು ಓದಲು ಸಿಗುತ್ತವೆ. ಆದರೆ ಖಾಸಗಿ ಕಾಲೇಜಿನ ಮೇಷ್ಟ್ರು, ನಿನ್ನ ಜೊತೆ ಕಾಡು ಸುತ್ತಿದ ಫಾರೆಸ್ಟ್ ವಾಚರ್ ಅದರಲ್ಲಿ ಇಲ್ಲ. ಅವರಿಗಾಗಿ ಒಂದು ಪ್ರಿಪ್ರಿಂಟ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಪೇಪರಿನ ಕರಡು, ಅಂತರ್ಜಾಲದಲ್ಲಿ ಹಾಕು, ಎರಡು ಪುಟ ಕನ್ನಡದಲ್ಲಿ ಬರೆದು ಕಳಿಸು.

ಹೊರಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಪತ್ರ ಸ್ಕ್ಯಾನ್ ಮಾಡಿಕೊ. ಕೂಗಿನ ರೆಕಾರ್ಡಿಂಗುಗಳ ಒಂದು ಪ್ರತಿ ನಿನ್ನ ಕಾಲೇಜಿನಲ್ಲೇ ಇರಲಿ. ಅವನ್ನು ಇಲ್ಲಿ ಬಳಸಬಹುದು ಅಂತ ಅಲ್ಲಿನ ಗೈಡ್ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಂಡು ಬಾ. ಕರಾರು ಪತ್ರ ಕೈಗೆ ಬಂದ ಕೂಡಲೇ ನನಗೆ ಕಳಿಸು, ಸಹಿ ಹಾಕುವ ಮುಂಚೆ ಇಬ್ಬರೂ ಕೂತು ಓದೋಣ.