ಕುಟ್ಟಿದಷ್ಟೂ ದಾರ ಬರುತ್ತಿಲ್ಲ ಎನ್ನುವವರಿಗೆ

ಮಳೆ ಹಿಡಿಯಿತೆಂದರೆ ಗೋವಾದಲ್ಲಿ ಹುಲ್ಲು ಮೇಲೇಳುತ್ತದೆ, ನನಗೆ ಪತ್ರಗಳು ಶುರುವಾಗುತ್ತವೆ. ಫೋಂಡಾ, ವಾಸ್ಕೋ, ಮಡಗಾಂವ್, ಅತ್ತ ಪುಣೆಯಿಂದಲೂ ಒಂದೇ ಪ್ರಶ್ನೆ. ಬ್ಲೇಡಿನ ಬದಲು ಗಿರಗಿರ ಸುತ್ತುವ ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಮಿಷನ್ ಇದೆಯಲ್ಲ, ಅದರ ದಾರ ಹೊರಗೆ ಬರುತ್ತಿಲ್ಲ, ಏನು ಮಾಡಲಿ? ಈ ಸಲ ಉದ್ದಕ್ಕೇ ಉತ್ತರ ಬರೆಯುತ್ತಿದ್ದೇನೆ. ಪೆಟ್ರೋಲ್ ಇದೆಯಾ, ಸ್ಪಾರ್ಕ್ ಪ್ಲಗ್ ಸರಿಯಿದೆಯಾ ಎನ್ನುವುದನ್ನೆಲ್ಲ ಹೇಳಿಕೊಡುತ್ತಾ ಕೂರುವುದಿಲ್ಲ. ಅಷ್ಟು ನಿಮಗೆ ಗೊತ್ತಿರಬೇಕು.

ಪ್ರಶ್ನೆ: ಫೋಂಡಾ ಹತ್ತಿರ ನಮ್ಮ ಗೇರು ತೋಟ ಇದೆ. ನೆಲಕ್ಕೆ ಕುಟ್ಟಿದರೆ ದಾರ ಬಿಡುವ ಟ್ಯಾಪ್ ಅಂಡ್ ಗೋ ಹೆಡ್ (ದಾರದ ರೀಲು ಇರುವ ಡಬ್ಬಿ) ಹಾಕಿದ ಬ್ರಷ್ ಕಟರ್ ಇಟ್ಟಿದ್ದೇವೆ. ಎಷ್ಟು ಕುಟ್ಟಿದರೂ ದಾರ ಬರುವುದಿಲ್ಲ. ಮೆಕ್ಯಾನಿಕ್ ಹೆಡ್ಡೇ ಹೋಗಿದೆ ಅನ್ನುತ್ತಾನೆ. ಹೊಸದು ಹಾಕಿಸಲೇ?

ಅವನು ಹೆಡ್ ಬಿಚ್ಚಿ ನೋಡಿದನಾ? ಮೊದಲು ಅದನ್ನು ಕೇಳಿ. ಬಿಚ್ಚದೆಯೇ 'ಹೆಡ್ ಹೋಗಿದೆ' ಎನ್ನುವವನು ಮೆಕ್ಯಾನಿಕ್ ಅಲ್ಲ, ಹೆಡ್ ಮಾರುವವನು.

ಕುಟ್ಟಿದರೆ ದಾರ ಬರುತ್ತದೆ ಎನ್ನುವುದೇ ಅರ್ಧ ಸುಳ್ಳು. ಹೆಡ್ಡಿನ ತಳದ ಒತ್ತುಗುಂಡಿ ನೆಲಕ್ಕೆ ತಾಗಿದಾಗ ಒಳಗಿನ ರೀಲು ಹಿಡಿತ ಬಿಟ್ಟು ಸ್ವಲ್ಪ ಜಾರುತ್ತದೆ, ಅಷ್ಟೇ. ದಾರವನ್ನು ಎಳೆಯುವುದು ಹೊರಗೆ ಗಿರಗಿರ ಸುತ್ತುತ್ತಿರುವ ಅದರದೇ ತುದಿ. ವೇಗಕ್ಕೆ ಅದು ಹೊರಕ್ಕೆ ಜಗ್ಗುತ್ತದೆ, ರೀಲು ಜಾರಿದಷ್ಟು ದಾರ ಬರುತ್ತದೆ. ತುದಿಯೇ ಗಿಡ್ಡವಾಗಿದ್ದರೆ ಜಗ್ಗುವವರು ಯಾರು? ಜಗ್ಗುವಷ್ಟು ಉದ್ದ ಹೊರಗಿರಬೇಕು. ಎಂಜಿನ್ ಪೂರ್ತಿ ವೇಗದಲ್ಲಿರಬೇಕು. ಆಮೇಲೆ ಮೆಲ್ಲಗೆ ತಾಗಿಸಿದರೂ ಸಾಕು. ನೀವೆಲ್ಲ ಏನು ಮಾಡುತ್ತೀರಿ? ಎಕ್ಸಲರೇಟರ್ ಬಿಟ್ಟು, ಸಿಮೆಂಟ್ ಕಟ್ಟೆಗೆ ಒನಕೆಯ ಹಾಗೆ ಕುಟ್ಟುತ್ತೀರಿ. ಆಗ ಗುಂಡಿ ಸವೆಯುತ್ತದೆ, ಹೆಡ್ ನಿಜಕ್ಕೂ ಹೋಗುತ್ತದೆ.

ನಮ್ಮ ಕಡೆ ತುದಿ ಗಿಡ್ಡವಾಗಲು ಮುಖ್ಯ ಕಾರಣ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ತೋಟದ ಕಾಂಪೌಂಡ್, ಬಾವಿಕಟ್ಟೆ, ಮೆಟ್ಟಿಲು ಎಲ್ಲ ಅದರದ್ದೇ, ಮೈಯೆಲ್ಲ ಒರಟು. ಗೋಡೆಯ ಬುಡದ ಹುಲ್ಲು ತೆಗೆಯುತ್ತೇನೆ ಅಂತ ಹೆಡ್ಡನ್ನೇ ಕಲ್ಲಿಗೆ ಒತ್ತಿದರೆ ದಾರ ಹೆಡ್ಡಿನಿಂದ ಹೊರಬರುವ ತೂತಿನ ಬಾಯಲ್ಲೇ ಕತ್ತರಿಸಿ ಹೋಗುತ್ತದೆ. ತುದಿಯಿಂದ ಮಾತ್ರ ಕತ್ತರಿಸಿ, ಗೋಡೆಗೆ ಚೂರು ದೂರ ಇರಿ. ದಾರ ಮೋಟಾಗಿದ್ದರೆ ಎಂಜಿನ್ ಆರಿಸಿ, ಗುಂಡಿ ಒತ್ತಿ ಹಿಡಿದು, ಕೈಯಿಂದ ಎರಡೂ ತುದಿ ಎಳೆಯಿರಿ. ಅರ್ಧಕ್ಕರ್ಧ ಜನರ ರೋಗ ಇಲ್ಲಿಗೇ ವಾಸಿ.

ಕೈಯಿಂದ ಎಳೆದರೂ ಬರದಿದ್ದರೆ ಬಿಚ್ಚಿ. ಪ್ಲಗ್ಗಿನ ಟೋಪಿ ಕಿತ್ತಿಟ್ಟ ಮೇಲೆಯೇ ಹೆಡ್ಡಿಗೆ ಕೈ ಹಾಕಿ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಎಂಜಿನ್ ಐಡ್ಲಿಂಗ್‌ನಲ್ಲಿದೆ, ಹೆಡ್ ನಿಂತಿದೆ, ಸುಮ್ನೆ ಒಂದು ನಿಮಿಷ ಎನ್ನುವವರ ಮಿಷನ್ ನಾನು ಮುಟ್ಟುವುದೇ ಇಲ್ಲ. ಕ್ಲಚ್ ಯಾವಾಗ ಹಿಡಿಯುತ್ತದೋ ನಿಮ್ಮ ಬೆರಳಿಗೆ ಗೊತ್ತಾಗುವುದಿಲ್ಲ.

ಮುಚ್ಚಳದ ಎರಡು ಬದಿಯ ಕ್ಲಿಪ್ ಒತ್ತಿದರೆ ರೀಲು ಕೈಗೆ ಬರುತ್ತದೆ. ಹೆಡ್ಡನ್ನೇ ತೆಗೆಯಬೇಕಾದರೆ ನೆನಪಿಡಿ: ಉದ್ದ ಕೋಲಿನ ಬ್ರಷ್ ಕಟರ್‌ಗಳಲ್ಲಿ ಸಾಮಾನ್ಯವಾಗಿ ತಿರುಪಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಗಿ ಮಾಡಿ ಮಾಡಿ ಮರೆ ಕಿತ್ತುಕೊಂಡು ಬರುವವರು ಪ್ರತಿ ಮಳೆಗಾಲ ಇದ್ದೇ ಇರುತ್ತಾರೆ.

ಈಗ ರೀಲಿನ ದಾರವನ್ನು ಬಿಡಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ, ದಾರ ಚಪ್ಪಟೆಯಾಗಿರುತ್ತದೆ. ಅದು ಕರಗಿದ ಗುರುತು. ಸುತ್ತು ಸಡಿಲವಾಗಿದ್ದರೆ, ಹೊರಗಿನ ತುದಿ ಕಲ್ಲಿಗೋ ಬೇಲಿಗೋ ಬಡಿದಾಗಲೆಲ್ಲ ಒಳಗಿನ ಸುತ್ತುಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ನೈಲಾನ್ ಕರಗಿ ಬೆಸೆದುಕೊಳ್ಳುತ್ತದೆ. ಆಮೇಲೆ ಎಷ್ಟು ಕುಟ್ಟಿದರೂ ಅಷ್ಟೇ. ಅಂಟಿದ ಭಾಗ ಕತ್ತರಿಸಿ ಬಿಸಾಡಿ, ಉಳಿಸಬೇಡಿ. ಇದಕ್ಕೆ ಗ್ರೀಸ್ ಹಚ್ಚಿ, ಹಳೇ ಎಂಜಿನ್ ಆಯಿಲ್ ಬಿಡಿ ಎನ್ನುವ ಪಂಡಿತರಿದ್ದಾರೆ. ಎಣ್ಣೆಗೆ ಮಣ್ಣು, ಹುಲ್ಲಿನ ಪುಡಿ ಅಂಟಿ ಎರಡು ದಿನದಲ್ಲಿ ಹೆಡ್ಡಿನೊಳಗೆ ಗಟ್ಟಿ ಹಿಟ್ಟಾಗುತ್ತದೆ. ತೂತು ದೊಡ್ಡದು ಮಾಡಿಕೊಡುತ್ತೇನೆ ಅಂತ ಡ್ರಿಲ್ ಹಿಡಿಯುವವರನ್ನಂತೂ ಗೇಟಿನಿಂದಲೇ ಕಳಿಸಿ. ತೂತಿನ ಲೋಹದ ಬಳೆ ಹೋದರೆ ಪ್ಲಾಸ್ಟಿಕ್ಕಿನ ಅಂಚು ದಾರವನ್ನು ಕಡಿಯುತ್ತಾ ಇರುತ್ತದೆ.

ದಾರ ಸುತ್ತುವುದು ಕೆಲಸದ ಹುಡುಗನಿಗೆ ಬಿಡುವ ಕೆಲಸ ಅಂತ ನೀವು ಅಂದುಕೊಂಡಿದ್ದೀರಿ. ಜಾಸ್ತಿ ಹಾಳಾಗುವುದು ಅಲ್ಲೇ. ಎರಡು ತುದಿಯ ಹೆಡ್ಡಾದರೆ ದಾರವನ್ನು ನಡುವೆ ಮಡಚಿ, ಒಂದು ಬದಿ ಒಂದು ಗೇಣಿನಷ್ಟು ಉದ್ದ ಬಿಟ್ಟು, ಮಡಿಕೆಯನ್ನು ರೀಲಿನ ಸೀಳಿಗೆ ಸಿಕ್ಕಿಸಿ. ರೀಲಿನ ಮೇಲೆ ಬಾಣದ ಗುರುತು ಇರುತ್ತದೆ, ಆ ದಿಕ್ಕಿಗೇ ಸುತ್ತಿ. ಎರಡೆಳೆ ತಮ್ಮ ತಮ್ಮ ಅಂಕಣದಲ್ಲೇ ಇರಬೇಕು. ಒಂದರ ಮೇಲೊಂದು ಹಾದರೆ ಅಲ್ಲೇ ಗಂಟು ಬಿಗಿಯುತ್ತದೆ. ಎಳೆದು ಹಿಡಿದು ಬಿಗಿಯಾಗಿ ಸುತ್ತಿ. ಪದೇ ಪದೇ ಯಾರು ಸುತ್ತುತ್ತಾರೆ ಅಂತ ಅಂಚಿನವರೆಗೆ ತುಂಬಬೇಡಿ, ತುಂಬಿದ ರೀಲು ಹೆಡ್ಡಿನೊಳಗೆ ತಿರುಗುವುದಿಲ್ಲ. ಅಂಚಿಗೆ ಮೂರ್ನಾಲ್ಕು ಮಿಲಿಮೀಟರ್ ಬಾಕಿ ಇರಲಿ. ಮುಚ್ಚುವ ಮೊದಲು ಒಳಗಿನ ಹುಲ್ಲಿನ ಗಸಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಸ್ಪ್ರಿಂಗ್ ಜಾಗದಲ್ಲಿದೆಯಾ ನೋಡಿ. ಬಿಚ್ಚುವಾಗ ಹಾರಿ ಹುಲ್ಲಿಗೆ ಬಿದ್ದಿದ್ದರೆ ಅದೇ ಅಳತೆಯದು ತನ್ನಿ, ಪೆನ್ನಿನ ಸ್ಪ್ರಿಂಗ್ ಹಾಕಬೇಡಿ. ಇಷ್ಟೆಲ್ಲ ನೋಡಿದ ಮೇಲೂ ಗುಂಡಿಯ ತಳ ತೂತಾಗಿದ್ದರೆ, ರೀಲಿನ ಹಲ್ಲು ಸವೆದಿದ್ದರೆ, ಆಗ ಹೊಸ ಹೆಡ್ ತನ್ನಿ.

ಪ್ರಶ್ನೆ: ಪುಣೆಯಲ್ಲಿ ನಮ್ಮ ಸೊಸೈಟಿಯ ಮಾಲಿ ದಾರವನ್ನು ಬಕೆಟ್ ನೀರಿನಲ್ಲಿ ನೆನೆ ಹಾಕುತ್ತಾನೆ. ಇದು ಹುಚ್ಚಲ್ವಾ?

ಅಲ್ಲ, ಮಾಲಿಗೆ ನಿಮಗಿಂತ ಜಾಸ್ತಿ ಗೊತ್ತಿದೆ. ನೈಲಾನ್ ನೀರು ಹೀರುತ್ತದೆ, ಒಣಗಿದರೆ ಪೆಡಸಾಗುತ್ತದೆ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಟೆರೇಸಿನ ಮೇಲೆ ಬಿದ್ದಿದ್ದ ದಾರ ಪಟಪಟ ಮುರಿಯುತ್ತದೆ, ತುದಿ ಗಿಡ್ಡವಾಗುತ್ತದೆ, ಮತ್ತೆ ಮೇಲಿನದೇ ಕಥೆ. ಒಂದು ದಿನ ನೆನೆ ಹಾಕಿ ಸುತ್ತಿದರೆ ಮೆದುವಾಗುತ್ತದೆ. ಆದರೆ ಗೋವಾದ ಜುಲೈ ತಿಂಗಳಲ್ಲಿ ನೆನೆ ಹಾಕುವವರಿಗೆ ನನ್ನ ನಮಸ್ಕಾರ. ಕರಗಿ ಅಂಟಿದ ದಾರವನ್ನು ನೀರು ಬಿಡಿಸುವುದಿಲ್ಲ.

ಪ್ರಶ್ನೆ: ದಪ್ಪ ದಾರ ಹಾಕಿದರೆ ಮುರಿಯುವುದೇ ಇಲ್ಲವಂತೆ?

2.4 ಮಿಲಿಮೀಟರಿನ ಹೆಡ್ಡಿಗೆ 3 ಮಿಲಿಮೀಟರ್ ತುರುಕಿದರೆ ಮುರಿಯುವುದಿಲ್ಲ ನಿಜ. ಹೊರಗೂ ಬರುವುದಿಲ್ಲ.

ಪ್ರಶ್ನೆ: ವಾಸ್ಕೋದಲ್ಲಿ ಮೀನು ಹಿಡಿಯುವ ದಾರ ಅಗ್ಗಕ್ಕೆ ಸಿಗುತ್ತದೆ. ಹಾಕಬಹುದೇ?

ಈ ಮಿಷನ್ ಹುಟ್ಟಿದ್ದೇ ಹಾಗೆ. 1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಜಾರ್ಜ್ ಬಾಲಸ್ ಎಂಬಾತ ಪಾಪ್‌ಕಾರ್ನ್ ಡಬ್ಬಿಗೆ ತೂತು ಕೊರೆದು ಮೀನಿನ ದಾರ ಕಟ್ಟಿ ನೋಡಿದ್ದ. ಅವನಿಗೆ ಬೇರೆ ದಾರ ಸಿಗುತ್ತಿರಲಿಲ್ಲ, ನಿಮಗೆ ಸಿಗುತ್ತದೆ.

ಪ್ರಶ್ನೆ: ದಾರದ ಗೋಳೇ ಬೇಡ ಅಂತ ಬೈಕಿನ ಕ್ಲಚ್ ವೈರ್ ಕಟ್ಟಿದ್ದೇವೆ. ಸೂಪರಾಗಿ ಕತ್ತರಿಸುತ್ತದೆ. ಎಲ್ಲರಿಗೂ ತಿಳಿಸಿ.

ಈ ಪತ್ರ ಓದಿ ನನಗೆ ಸಿಟ್ಟು ಬಂತು. ಇವತ್ತೇ ಬಿಚ್ಚಿ. ನೈಲಾನ್ ಮುರಿದರೆ ಕಾಲಿಗೆ ಬರೆ ಬೀಳುತ್ತದೆ. ಉಕ್ಕಿನ ಎಳೆ ಆ ವೇಗದಲ್ಲಿ ತುಂಡಾದರೆ ಪ್ಯಾಂಟು, ಚರ್ಮ, ಮಾಂಸ ಯಾವುದನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಈ ಜಾತಿಯ ಮಿಷನ್ನಿಗೆ ಸರಪಳಿ ಕೊಂಡಿಯ ಲೋಹದ ಹೆಡ್ ಮಾರುವುದನ್ನು ಯುರೋಪಿನ ಒಕ್ಕೂಟ 2012ರಲ್ಲಿ ನಿಷೇಧಿಸಿತು. ಅಂಥದ್ದೇ ಇಲ್ಲಿ ನೀವು ಮನೆಯಲ್ಲಿ ಮಾಡಿಕೊಂಡು ಎಲ್ಲರಿಗೂ ತಿಳಿಸಿ ಅನ್ನುತ್ತೀರಿ. ನೈಲಾನ್ ಹಾಕಿಕೊಂಡರೂ 15 ಮೀಟರಿನೊಳಗೆ ಯಾರೂ ಇರಬಾರದು. ಕಣ್ಣಿಗೆ ಕನ್ನಡಕ, ಕಾಲಿಗೆ ಗಮ್‌ಬೂಟು ಕಡ್ಡಾಯ. ಬೂಟು ಕಲ್ಲಿಗೆ ಮಾತ್ರವಲ್ಲ, ಮಳೆಗಾಲದ ಹುಲ್ಲಿನಲ್ಲಿ ಕೊಳಕುಮಂಡಲವೂ ಇರುತ್ತದೆ.

ಪ್ರಶ್ನೆ: ಗಾರ್ಡ್ ತೆಗೆದರೆ ಹುಲ್ಲು ಸಿಕ್ಕಿಕೊಳ್ಳುವುದಿಲ್ಲ. ತೆಗೆಯಲೇ?

ಗಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಬ್ಲೇಡ್ ಇದೆ, ನೋಡಿದ್ದೀರಾ? ಜಾಸ್ತಿ ಬಂದ ದಾರವನ್ನು ಅಳತೆಗೆ ಕತ್ತರಿಸುವುದು ಅದೇ. ಅದಿಲ್ಲದಿದ್ದರೆ ದಾರ ಉದ್ದವಾಗಿ ಎಂಜಿನ್ ಏದುಸಿರು ಬಿಡುತ್ತದೆ. ಕಲ್ಲು ಹಾರಿ ಮುಖಕ್ಕೆ ಬಡಿಯುವುದು ಬೇರೆ.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಕರೆಂಟಿನ ಚಿಕ್ಕ ಮಿಷನ್. ಅದನ್ನೂ ಕುಟ್ಟಬೇಕಾ?

ಹೆಡ್ಡಿನ ತಳದಲ್ಲಿ ಒತ್ತುವ ಗುಂಡಿ ಇದ್ದರೆ ಮಾತ್ರ. ಇಲ್ಲದಿದ್ದರೆ ಅದು ಹೆಚ್ಚಾಗಿ ತಾನೇ ದಾರ ಬಿಡುವ ಜಾತಿಯದ್ದು. ಸ್ವಿಚ್ ಬಿಟ್ಟು, ಹೆಡ್ ಪೂರ್ತಿ ನಿಂತ ಮೇಲೆ ಮತ್ತೆ ಒತ್ತಿ, ಒಂದಿಷ್ಟು ಬರುತ್ತದೆ. ಕುಟ್ಟಿದರೆ ಒಡೆಯುತ್ತದೆ.